ಗರಡಿಯ ಹಿಡಿತ, ಎರಡು ಬೆಲ್ಟ್

ಮಾನ್ಯ ಸಂಪಾದಕರೇ,

ಎಂಎಂಎ (ಕುಸ್ತಿ, ಬಾಕ್ಸಿಂಗ್ ಎಲ್ಲ ಬೆರೆತ ಮಿಶ್ರ ಸಮರ ಕಲೆ) ಅಂದರೆ ಸುಮ್ನೆ ಹೊಡೆದಾಟ ಅಂತ ತಳ್ಳಿಹಾಕುವವರೇ ಜಾಸ್ತಿ. ಅವರು ಡೇನಿಯಲ್ ಕಾರ್ಮಿಯರ್ ಬದುಕನ್ನು ಒಮ್ಮೆ ನೋಡಬೇಕು.

ಅಮೆರಿಕದ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಈ ಕುಸ್ತಿಪಟು 2001ರ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋತರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 2008ರಲ್ಲಿ ಬೀಜಿಂಗ್‌ಗೆ ಹೋಗಿಯೂ ಅಖಾಡಕ್ಕೆ ಇಳಿಯಲು ಆಗಲಿಲ್ಲ. ತೂಕ ಇಳಿಸುವ ಭರದಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು. ಪ್ಯಾರಿಸ್‌ನಲ್ಲಿ ನಮ್ಮ ವಿನೇಶ್ ಫೋಗಟ್ 100 ಗ್ರಾಂ ತೂಕಕ್ಕೆ ಫೈನಲ್ ಕಳೆದುಕೊಂಡಾಗ ನನಗೆ ನೆನಪಾದದ್ದು ಇವರೇ.

30ರ ವಯಸ್ಸಿನಲ್ಲಿ ಎಂಎಂಎಗೆ ಬಂದರು. 2015ರಲ್ಲಿ ಯುಎಫ್‌ಸಿ ಎಂಬ ದೊಡ್ಡ ಎಂಎಂಎ ಸಂಸ್ಥೆಯ ಲೈಟ್ ಹೆವಿವೇಟ್ (ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ತೂಕ ವಿಭಾಗ) ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದರು. 2018ರ ಜುಲೈನಲ್ಲಿ ಹೆವಿವೇಟ್ ಚಾಂಪಿಯನ್ ಸ್ಟಿಪೆ ಮಿಯೊಸಿಚ್ ಎದುರು ಮೊದಲ ಸುತ್ತು. ಇಬ್ಬರೂ ಕುಸ್ತಿಯಂತೆ ಹಿಡಿದುಕೊಂಡಿದ್ದರು. ಹಿಡಿತ ಬಿಡುವ ಆ ಗಳಿಗೆಯಲ್ಲೇ ಕಾರ್ಮಿಯರ್ ಬಲಗೈಯಿಂದ ಒಂದು ಗಿಡ್ಡ ಏಟು ಕೊಟ್ಟರು. ಮಿಯೊಸಿಚ್ ನೆಲಕ್ಕುರುಳಿದರು. ಹಿಡಿತದ ಆ ಅರಿವು ಗರಡಿಯಲ್ಲೇ ಕಲಿತದ್ದು ಅಲ್ವಾ?

ಒಂದೇ ಹೊತ್ತಿಗೆ ಎರಡು ಬೆಲ್ಟ್! ಜೊತೆಗೆ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದರು. ನನಗೆ ಬೆಲ್ಟ್‌ಗಿಂತ ಇದೇ ದೊಡ್ಡದು. ಇಂಥವರ ಬಗ್ಗೆಯೂ ಕ್ರೀಡಾ ಪುಟದಲ್ಲಿ ಬರೆಯಿರಿ.

– ಒಬ್ಬ ಓದುಗ, ದಾವಣಗೆರೆ