ಹೊಸ ವರ್ಷದಿಂದ ಗಾಜು, ಕಾಗದ, ಬಣ್ಣ, ಚಹಾ ತರಿಸುತ್ತಿಲ್ಲ

ಬಾಸ್ಟನ್, ಡಿಸೆಂಬರ್ 1768

ನಮ್ಮ ಗಿರಾಕಿಗಳಿಗೆ ನಮಸ್ಕಾರ.

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಬರುವ ಜನವರಿ 1ರಿಂದ ಒಂದು ವರ್ಷ ಇಂಗ್ಲೆಂಡಿನ ಮಾಲು ತರಿಸುವುದಿಲ್ಲ. ಚಹಾ, ಗಾಜು, ಕಾಗದ, ಬಣ್ಣ ಈ ನಾಲ್ಕನ್ನಂತೂ, ಹೋದ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟ್ ನಮ್ಮ ಅಮೆರಿಕದ ವಸಾಹತುಗಳ ಮೇಲೆ ಹೇರಿದ ಸುಂಕ ರದ್ದಾಗುವವರೆಗೆ ಮುಟ್ಟುವುದೇ ಇಲ್ಲ. ಆಗಸ್ಟ್‌ನಲ್ಲಿ ಊರಿನ ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದಕ್ಕೆ ನಾವೂ ಸಹಿ ಹಾಕಿದ್ದೇವೆ. ಉಪ್ಪು, ಕಲ್ಲಿದ್ದಲು, ಮೀನಿನ ಗಾಳ, ಉಣ್ಣೆ ಬಾಚುವ ಹಣಿಗೆ ಇವಕ್ಕೆ ವಿನಾಯಿತಿ ಇದೆ, ಎಂದಿನಂತೆ ಸಿಗುತ್ತವೆ. ಮಾರ್ಚ್‌ಗೆ ಕಿಟಕಿ ಗಾಜು ಬೇಕು ಅಂತ ಮೊದಲೇ ಹೇಳಿಟ್ಟವರಿಗೆ ತೊಂದರೆಯಾಗುತ್ತದೆ. ಗೊತ್ತು, ಕ್ಷಮಿಸಿ.

ಆದರೆ ಗಾಜಿನ ಬೆಲೆ ಏರಿದಾಗ ಬೈಸಿಕೊಂಡವರು ನಾವು, ಪಾರ್ಲಿಮೆಂಟ್ ಅಲ್ಲ. ಬಿಳಿ ಗಾಜಿಗೆ 112 ಪೌಂಡ್ ತೂಕಕ್ಕೆ 4 ಷಿಲ್ಲಿಂಗ್ 8 ಪೆನ್ಸ್, ಅಂದರೆ 56 ಪೆನ್ಸ್ ಸುಂಕ, ಅಂದರೆ ಪೌಂಡಿಗೆ ಅರ್ಧ ಪೆನ್ನಿ, ಅದಕ್ಕೆ ಇಷ್ಟು ಏರಿಸೋದಾ ಅಂತ ಒಬ್ಬರು ಸೀಮೆಸುಣ್ಣದಲ್ಲಿ ಲೆಕ್ಕ ಬರೆದೇ ತೋರಿಸಿದರು. ಲೆಕ್ಕ ಸರಿ ಇದೆ. ಆದರೆ ಆ ಅರ್ಧ ಪೆನ್ನಿಯನ್ನು ಬೆಳ್ಳಿಯಲ್ಲಿ ಕಟ್ಟಬೇಕು ಸ್ವಾಮಿ. ನೀವು ಬೆಣ್ಣೆ, ಸೌದೆ ಕೊಟ್ಟು ಉದ್ರಿ ತೀರಿಸುತ್ತೀರಿ, ನಾವೂ ಯಾವತ್ತೂ ಬೇಡ ಅಂದಿಲ್ಲ. ಸುಂಕದ ಕಟ್ಟೆಯಲ್ಲಿ ಬೆಣ್ಣೆ ನಡೆಯುವುದಿಲ್ಲ. ವೆಸ್ಟ್ ಇಂಡೀಸಿಗೆ ಮೀನು, ಮರ ಮಾರಿ ಬಂದ ಒಂದಿಷ್ಟು ಬೆಳ್ಳಿಯೂ ಲಂಡನ್ನಿನ ಸಾಲಕ್ಕೇ ಹೋಗುತ್ತದೆ, ಹಾಗಾಗಿ ಸುಂಕಕ್ಕೆ ಬೆಳ್ಳಿ ಹುಡುಕಲು ನಾವು ಮೇಲೆ ಕೊಡುವ ವಟ್ಟ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಡಚ್ಚರಿಂದ ತರಿಸಿ ಅನ್ನುತ್ತೀರಿ. ಯುರೋಪಿನ ಮಾಲು ಇಂಗ್ಲೆಂಡಿನ ಬಂದರು ಹಾದೇ ಬರಬೇಕು, 1663ರಿಂದ ಅದೇ ಕಾನೂನು. ಕದ್ದು ತರೋಣ ಅಂದರೆ ಜೂನ್‌ನಲ್ಲಿ ದೊಡ್ಡ ವ್ಯಾಪಾರಿ ಹ್ಯಾನ್ಕಾಕ್ ಅವರ ಲಿಬರ್ಟಿ ಹಡಗನ್ನೇ ಸುಂಕದವರು ಜಪ್ತಿ ಮಾಡಿದ್ದು ನೋಡಿದಿರಲ್ಲ. ಕೇಸು ನಡೆಯುತ್ತಿರುವುದೂ ಜ್ಯೂರಿ ಇಲ್ಲದ ಕೋರ್ಟಿನಲ್ಲಿ. ಅವರಿಗೆ ವಕೀಲರಿದ್ದಾರೆ, ನಮಗಿರುವುದು ಈ ಅಂಗಡಿ ಒಂದೇ.

ಇನ್ನು ಎಲ್ಲರೂ ಆಡುವ ಮಾತು. ‘ಹಳೇ ಮಾಲು ರಾಶಿ ಬಿದ್ದಿದೆ, ಅದನ್ನು ಜಾಸ್ತಿ ಬೆಲೆಗೆ ಖಾಲಿ ಮಾಡೋಕೆ ಸ್ವಾತಂತ್ರ್ಯದ ಹೆಸರು ಹೇಳ್ತಿದ್ದಾರೆ.’ ಚರ್ಚಿನ ಮೆಟ್ಟಿಲ ಮೇಲೂ ಕೇಳಿದ್ದೇವೆ, ಬೇಜಾರಾಯಿತು. ಸುಳ್ಳು ಅಂತ ಪೂರ್ತಿ ತಳ್ಳಿಹಾಕುವುದೂ ಇಲ್ಲ. ದೊಡ್ಡ ಗೋದಾಮು ಇರುವವರಿಗೆ ಒಂದು ವರ್ಷ ಹಡಗು ಬಾರದಿದ್ದರೆ ಹಬ್ಬವೇ. ನಮ್ಮಲ್ಲಿ ಉಳಿದಿರುವುದು ಏಳು ಪೆಟ್ಟಿಗೆ ಕಿಟಕಿ ಗಾಜು, ಎರಡು ಪೀಪಾಯಿ ಬಣ್ಣ, ಅರ್ಧ ಪೆಟ್ಟಿಗೆ ಚಹಾ. ಖಾತೆ ಪುಸ್ತಕ ಗಲ್ಲಾ ಪಕ್ಕದಲ್ಲೇ ಇರುತ್ತದೆ, ಬಂದು ನೋಡಿ. ಅಷ್ಟೂ ಈಗಿನ ಬೆಲೆಗೇ ಹೋಗುತ್ತದೆ. ಒಬ್ಬರೇ ಎಲ್ಲ ಗಾಜನ್ನೂ ಎತ್ತಿಕೊಂಡು ಹೋಗಲು ಬಿಡುವುದಿಲ್ಲ, ಒಡೆದ ಕಿಟಕಿ ಇರುವ ಮನೆಗೆ ಮೊದಲು. ಅದು ಮುಗಿದ ಮೇಲೆ ಅರ್ಧ ಅಂಗಡಿ ಖಾಲಿ. ಇದರಲ್ಲಿ ಲಾಭ ಎಲ್ಲಿದೆ ಹೇಳಿ.

ಚಹಾಕ್ಕೆ ಪೌಂಡಿಗೆ ಮೂರೇ ಪೆನ್ಸ್, ಇಂಗ್ಲೆಂಡಿನಲ್ಲಿದ್ದ ಸುಂಕ ತೆಗೆದ ಮೇಲೆ ಮೊದಲಿಗಿಂತ ಅಗ್ಗವೇ ಆಯಿತಲ್ವಾ ಅಂತಲೂ ಕೇಳುತ್ತೀರಿ. ಆಯಿತು, ಒಪ್ಪಿದೆವು. ಆ ಮೂರು ಪೆನ್ಸ್ ಎಲ್ಲಿಗೆ ಹೋಗುತ್ತದೆ? ನ್ಯಾಯ, ಆಡಳಿತದ ಖರ್ಚಿಗೆ ಅಂತ ಕಾನೂನಿನಲ್ಲೇ ಇದೆ, ಅಂದರೆ ಗವರ್ನರ್, ಜಡ್ಜುಗಳ ಸಂಬಳಕ್ಕೆ. ಇಲ್ಲಿಯವರೆಗೆ ಆ ಸಂಬಳ ನಾವು ಆರಿಸಿದ ಸಭೆಯ ಕೈಲಿತ್ತು, ಅದಕ್ಕೇ ಅವರು ನಮ್ಮ ಮಾತಿಗೆ ಒಂದಿಷ್ಟು ಕಿವಿ ಕೊಡುತ್ತಿದ್ದರು.

ಕಾಗದಪತ್ರ, ಪತ್ರಿಕೆಗಳ ಮೇಲೆ ತೆರಿಗೆ ಹಾಕಿದ್ದ ಸ್ಟ್ಯಾಂಪ್ ಕಾಯ್ದೆ ನೆನಪಿದೆಯಲ್ಲ? ಇಲ್ಲಿಂದ ಮಾಲಿನ ಬೇಡಿಕೆ ನಿಂತಾಗ ಲಂಡನ್ನಿನ ವ್ಯಾಪಾರಿಗಳೇ ಪಾರ್ಲಿಮೆಂಟಿಗೆ ಹೋಗಿ ಗೋಳಾಡಿದರು, 1766ರಲ್ಲಿ ಅದು ರದ್ದಾಯಿತು. ಈ ಸಲವೂ ಅದನ್ನೇ ನಂಬಿ ಕೂತಿದ್ದೇವೆ.

ಈ ಚಳಿಗಾಲದಲ್ಲಿ ಉದ್ರಿ ಬಾಕಿ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬೆಣ್ಣೆ ಆದರೂ ಸರಿ, ನೂತ ಉಣ್ಣೆ ಆದರೂ ಸರಿ. ಚಹಾ ಬದಲಿಗೆ ಲ್ಯಾಬ್ರಡಾರ್ ಸೊಪ್ಪು ಒಣಗಿಸಿ ಇಟ್ಟಿದ್ದೇವೆ. ಚಹಾದ ರುಚಿ ಅದಕ್ಕಿಲ್ಲ. ಮೊದಲ ಪೊಟ್ಟಣಕ್ಕೆ ದುಡ್ಡು ಬೇಡ.

ನಿಮ್ಮ ಅಂಗಡಿಯವರು