ಶ್ವಾನದಳದ ತಪಾಸಣೆ ಮತ್ತು ನಿಮ್ಮ ಪಾರ್ಸೆಲ್: ಬುಕಿಂಗ್ ಕ್ರಮದಲ್ಲಿ ಬದಲಾವಣೆ

ಚಿಕ್ಕಪೇಟೆ, ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಯ ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಕಲಾಸಿಪಾಳ್ಯದ ನಮ್ಮ ಆಫೀಸಿನಲ್ಲಿ ರಾತ್ರಿ ಬಸ್ಸಿನ ಬುಕಿಂಗ್ ಸಂಜೆ 6ಕ್ಕೇ ಮುಗಿಯುತ್ತದೆ. ಇಷ್ಟು ದಿನ 7.30ರವರೆಗೆ ತೆಗೆದುಕೊಳ್ಳುತ್ತಿದ್ದೆವು. ಗುಜರಿ ಅಂಗಡಿಯ ಹಳೇ ಡಬ್ಬದಲ್ಲಿ ಕಟ್ಟಿದ ಮಾಲು ಇನ್ನು ತೆಗೆದುಕೊಳ್ಳುವುದಿಲ್ಲ. ಕೌಂಟರಿಗೂ ಗೋದಾಮಿಗೂ ನಡುವೆ ಬಾಗಿಲು ಹಾಕಿಸಿದ್ದೇವೆ. ಮೂರಕ್ಕೂ ಕಾರಣ ಒಂದೇ, ಗಾಂಜಾ ಹುಡುಕಿಕೊಂಡು ಬರುವ ಪೊಲೀಸ್ ನಾಯಿ.

ಮೊದಲು ಡಬ್ಬದ ವಿಷಯ. ನಾಯಿ ಹುಡುಕುವುದು ವಾಸನೆಯನ್ನು, ಸಿಕ್ಕಿದರೆ ಅಲ್ಲೇ ಕೂತು ತೋರಿಸುತ್ತದೆ. ವಸ್ತು ತೆಗೆದ ಮೇಲೂ ರಟ್ಟು, ಗೋಣಿ, ಬಟ್ಟೆಯಲ್ಲಿ ವಾಸನೆ ಉಳಿದಿರುತ್ತದೆ. ಆ ಡಬ್ಬ ನಿಮಗಿಂತ ಮುಂಚೆ ಯಾರ ಕೈಲಿತ್ತೋ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದರ ಮುಂದೆ ನಾಯಿ ಕೂತರೆ ನಾಯಿಯದೇನೂ ತಪ್ಪಿಲ್ಲ, ಆದರೆ ಒಳಗಿರುವುದು ನಿಮ್ಮ ಬ್ಲೌಸ್ ಪೀಸು. ಒತ್ತಿ ಪೇರಿಸಿದ ರಾಶಿಯಲ್ಲಿ ಒಂದರ ವಾಸನೆ ಪಕ್ಕದ್ದಕ್ಕೂ ಹರಡುತ್ತದೆ, ಫ್ಯಾನ್ ತಿರುಗುತ್ತಿದ್ದರೆ ಇನ್ನೂ ದೂರ ಹೋಗುತ್ತದೆ. ಹಾಗಾಗಿ ಗೋದಾಮಿನ ನೆಲಕ್ಕೆ ಬಿಳಿ ಗೆರೆ ಎಳೆಸಿದ್ದೇವೆ: ಸಾಲಿಗೂ ಸಾಲಿಗೂ 3 ಅಡಿ, ಪಾರ್ಸೆಲ್ಲಿಗೂ ಪಾರ್ಸೆಲ್ಲಿಗೂ 1 ಅಡಿ. ತಪಾಸಣೆಗೆ ಮುಂಚೆ ಫ್ಯಾನ್ ನಿಲ್ಲಿಸುತ್ತೇವೆ. ಹೀಗೆ ಬಿಡಿಬಿಡಿಯಾಗಿ ಇಡಲು ಹಮಾಲಿಗಳಿಗೆ ಹೊತ್ತು ಬೇಕು, ಒಂದೂವರೆ ಗಂಟೆ ಮುಂಚೆ ಬುಕಿಂಗ್ ನಿಲ್ಲಿಸುವುದು ಅದಕ್ಕೇ. ಖಾರದಪುಡಿ, ಸಾಂಬಾರುಪುಡಿ ಕಳಿಸುವವರು ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಪುಡಿ ಸೋರಿದರೆ ನಾಯಿ ಸೀನುತ್ತದೆ, ಎಲ್ಲರ ಕಣ್ಣೂ ನಿಮ್ಮ ಚೀಲದ ಮೇಲೆ ಬೀಳುತ್ತದೆ.

ನಾಯಿಯಷ್ಟೇ ಮುಖ್ಯ ಅದರ ಹಗ್ಗ ಹಿಡಿದವರು. ಹ್ಯಾಂಡ್ಲರ್ ಒಂದು ಪೆಟ್ಟಿಗೆಯ ಹತ್ತಿರ ಎರಡು ಕ್ಷಣ ಹೆಚ್ಚು ನಿಂತರೂ, ಹಗ್ಗ ಸ್ವಲ್ಪ ಬಿಗಿದರೂ ನಾಯಿಗೆ ಅದೇ ಸೂಚನೆಯಾಗಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ಜೋಡಿ ನಾಯಿ-ಹ್ಯಾಂಡ್ಲರ್‌ಗಳು 144 ಸುತ್ತು ಹುಡುಕಿದರು. ವಾಸನೆಯ ವಸ್ತು ಇರಬಹುದು ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು, ನಿಜಕ್ಕೂ ಅಲ್ಲಿ ಮಾದಕ ವಸ್ತುವನ್ನಾಗಲಿ ಸ್ಫೋಟಕವನ್ನಾಗಲಿ ಇಟ್ಟೇ ಇರಲಿಲ್ಲ. ಆದರೂ ಒಂದೂ ತಪ್ಪು ಸೂಚನೆ ಇಲ್ಲದೆ ಮುಗಿದದ್ದು 21 ಸುತ್ತು ಮಾತ್ರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸರ್ಕಾರದ ಮೇಲಿನ ದೂರು ವಿಚಾರಿಸುವ ಅಧಿಕಾರಿ (ಒಂಬುಡ್ಸ್‌ಮನ್) 2006ರ ವರದಿಯಲ್ಲಿ, ನಾಯಿ ತೋರಿಸಿದವರನ್ನು ತಡಕಿದಾಗ ಮಾದಕ ವಸ್ತು ಸಿಕ್ಕಿದ್ದು ಶೇ. 26ರಷ್ಟು ತಪಾಸಣೆಗಳಲ್ಲಿ ಎಂದು ಹೇಳಿದ್ದರು. ಬೆಂಗಳೂರಿನ ನಾಯಿಗಳೂ ಹಾಗೇ ಎಂದು ನಾವು ಹೇಳುತ್ತಿಲ್ಲ. ನಾಯಿ ಕೂತಿತು ಎಂದರೆ ಅನುಮಾನ, ಅಪರಾಧವಲ್ಲ. ನಮ್ಮ ಕ್ರಮ ಇಷ್ಟರ ಮೇಲೇ ನಿಂತಿದೆ.

ಇನ್ನು ಬಾಗಿಲು. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯಿದೆಯಲ್ಲಿ ನಾಯಿಯ ಮಾತೇ ಇಲ್ಲ. ಜನ ಬಂದು ಹೋಗುವ ಅಂಗಡಿ, ಬಸ್ಸು ಇವೆಲ್ಲ ಸೆಕ್ಷನ್ 43ರ ಪ್ರಕಾರ ಸಾರ್ವಜನಿಕ ಜಾಗ. ನಮ್ಮ ಕೌಂಟರೂ ಅಷ್ಟೇ. ಒಳಗಿನ ಗೋದಾಮಿಗೆ ಸೆಕ್ಷನ್ 42 ಅನ್ವಯಿಸುತ್ತದೆ ಎಂಬುದು ನಮ್ಮ ತಿಳುವಳಿಕೆ. ಅಲ್ಲಿ ಅಧಿಕಾರಿ ತಮಗೆ ಬಂದ ಮಾಹಿತಿಯನ್ನು ಬರೆದುಕೊಳ್ಳಬೇಕು, ಅದರ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಬಂದರೆ ಅದಕ್ಕೆ ಕಾರಣವನ್ನೂ ದಾಖಲಿಸಬೇಕು. ನಮ್ಮ ಲೋಡಿಂಗ್ ನಡೆಯುವುದೆಲ್ಲ ರಾತ್ರಿಯೇ. ಬಾಗಿಲಿಲ್ಲದಾಗ ಕೌಂಟರ್ ಎಲ್ಲಿ ಮುಗಿಯಿತು, ಗೋದಾಮು ಎಲ್ಲಿ ಶುರುವಾಯಿತು ಎಂದು ತೋರಿಸಲು ಏನೂ ಇರಲಿಲ್ಲ. ಈಗ ಅಧಿಕಾರಿಯ ಹೆಸರು, ಠಾಣೆ, ಯಾವ ಸೆಕ್ಷನ್ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಬಾಗಿಲು ತೆಗೆಯುತ್ತೇವೆ. ತಡೆಯುವುದಿಲ್ಲ, ಕರ್ತವ್ಯಕ್ಕೆ ಅಡ್ಡಿ ಅದೇ ಒಂದು ಅಪರಾಧ.

ನಾಯಿ ನಿಮ್ಮ ಪಾರ್ಸೆಲ್ ಮುಂದೆ ಕೂತರೆ ನಮ್ಮವರು ಅದಕ್ಕೆ ಕೈ ಹಚ್ಚುವುದಿಲ್ಲ. ತೂಕ ಮತ್ತು ಟೇಪಿನ ಫೋಟೊ ತೆಗೆದು ನಿಮಗೆ ಫೋನ್ ಮಾಡುತ್ತೇವೆ. ದಯವಿಟ್ಟು ಎಲ್‌ಆರ್ (ಬುಕಿಂಗ್ ರಸೀದಿ) ಮೇಲೆ ಅಂಗಡಿ ಹುಡುಗನ ನಂಬರ್ ಬೇಡ, ನಿಮ್ಮದನ್ನೇ ಬರೆಸಿ. ಬಿಚ್ಚುವುದು ಅಧಿಕಾರಿಯೇ, ಇಬ್ಬರು ಪಂಚರ ಎದುರಿಗೆ. ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 105ರಂತೆ ಶೋಧ, ಜಪ್ತಿಯ ವಿಡಿಯೊ ಆಗಬೇಕು. ಅದನ್ನು ನೆನಪಿಸುತ್ತೇವೆ, ಪಟ್ಟಿಯ ಪ್ರತಿ ಕೇಳಿ ಪಡೆಯುತ್ತೇವೆ. ಏನೂ ಸಿಗದಿದ್ದರೆ ಹೊಸ ಟೇಪ್ ಹಾಕಿ ಮುಂದಿನ ಬಸ್ಸಿಗೆ ಹಾಕುತ್ತೇವೆ, ಅದಕ್ಕೆ ಬಾಡಿಗೆ ಇಲ್ಲ.

ನೀವು ಅಲ್ಲೇ ಇದ್ದು ನಿಮ್ಮ ಮೈ ತಪಾಸಣೆಗೆ ಬಂದರೆ ಮಾತು ಬೇರೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ಆಗಲಿ ಎನ್ನುವ ಹಕ್ಕು ಎನ್‌ಡಿಪಿಎಸ್ ಸೆಕ್ಷನ್ 50ರಲ್ಲಿದೆ, ಆ ಹಕ್ಕಿದೆ ಎಂದು ಅವರೇ ನಿಮಗೆ ತಿಳಿಸಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಕೈಲಿರುವ ಬ್ಯಾಗಿಗೆ ಈ ರಕ್ಷಣೆ ಇಲ್ಲ, 2005ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಆಧಾರ್ ಜೆರಾಕ್ಸ್ ಇನ್ನು ಕೇಳುವುದಿಲ್ಲ. ಯಾವುದಾದರೂ ಗುರುತಿನ ಚೀಟಿ ತೋರಿಸಿ, ಹೆಸರು ಬರೆದುಕೊಂಡು ವಾಪಸ್ ಕೊಡುತ್ತೇವೆ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋಗಿ, 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪಿಗೆ ಕಾರಣರಾದ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ.ಎಸ್. ಪುಟ್ಟಸ್ವಾಮಿಯವರು ಇದೇ ಊರಿನಲ್ಲಿ ನೆಲೆಸಿದ್ದವರು. ನಮ್ಮ ಬೀರುವಿನಲ್ಲಿ ನಿಮ್ಮ ಜೆರಾಕ್ಸಿನ ಕಟ್ಟು ಇರುವುದು ನಮಗೇ ಸರಿ ಕಾಣಲಿಲ್ಲ. ಬುಕಿಂಗ್ ರಿಜಿಸ್ಟರ್ ಯಾರಾದರೂ ಕೇಳಿದರೆ ಬಿಎನ್‌ಎಸ್‌ಎಸ್ ಸೆಕ್ಷನ್ 94ರ ಲಿಖಿತ ಆದೇಶ ಕೇಳುತ್ತೇವೆ, ಅದರಲ್ಲಿ ಹೇಳಿದಷ್ಟನ್ನೇ ಕೊಡುತ್ತೇವೆ.

ಹೊಸ ಡಬ್ಬ ಕೌಂಟರಿನಲ್ಲೇ ಸಿಗುತ್ತದೆ: ಚಿಕ್ಕದು 25 ರೂಪಾಯಿ, ದೊಡ್ಡದು 40. ಸ್ವಂತ ಡಬ್ಬ ತರುವವರು ಟೇಪ್ ಹಾಕದೆ ತನ್ನಿ, ನಿಮ್ಮ ಎದುರಿಗೇ ಹಾಕಿಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ
ಪಾರ್ಸೆಲ್ ಸಹಕಾರ ಸಂಘ, ಕಲಾಸಿಪಾಳ್ಯ, ಬೆಂಗಳೂರು