ಬಸ್ಸು ಬಿಟ್ಟು ಬೋಟು ಹತ್ತಿದ ದಿನ: ಮಗಳಿಗೊಂದು ಪತ್ರ

ಕಾರವಾರ

ಪುಟ್ಟೀ,

ಕೊಚ್ಚಿಯಲ್ಲಿ ಹಡಗಿನವರ ಬಸ್ ಟೂರ್ ಯಾಕೆ ತಗೊಳ್ಳಲಿಲ್ಲ, ದುಡ್ಡು ಉಳಿಸೋಕೆ ಅಪ್ಪನನ್ನ ಬಿಸಿಲಲ್ಲಿ ನಡೆಸಿದ್ಯಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಹೌದು, ದುಡ್ಡಿನ ಲೆಕ್ಕವೂ ಇತ್ತು. ಮುಂಬೈಯಿಂದ ಕ್ರೂಸ್ ಟಿಕೆಟ್‌ಗೇ ನೀನು ಅಷ್ಟು ಖರ್ಚು ಮಾಡಿದ್ದೆ, ಅದರ ಮೇಲೆ ಇನ್ನಷ್ಟು ಕೊಟ್ಟು ಕೊಚ್ಚಿಯನ್ನ ಬಸ್ಸಿನ ಕಿಟಕಿಯಿಂದ ನೋಡೋಕೆ ನನಗೆ ಮನಸ್ಸಾಗಲಿಲ್ಲ.

ಹಡಗು ನಿಲ್ಲೋದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರಿನ ಹೂಳೆತ್ತಿದ ಮಣ್ಣು ತುಂಬಿ ಮಾಡಿದ ಜಾಗ ಅದು. ಗೇಟು ದಾಟಿದ ಕೂಡಲೇ ಆಟೋದವರು ಇಡೀ ದಿನದ ರೇಟ್ ಹೇಳ್ತಾರೆ. ಬೋಟ್ ಜೆಟ್ಟಿವರೆಗೆ ಬಿಟ್ಟರೆ ಸಾಕು ಅಂದೆವು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟು. ಇಬ್ಬರಿಗೂ ಸೇರಿ ಎರಡು ಚಹಾದ ದುಡ್ಡೂ ಆಗಲಿಲ್ಲ.

ಚೀನಾ ಬಲೆಯ ಹತ್ತಿರ ಹೋದ ಮೇಲೆ ನಿಮ್ಮಪ್ಪ ಕದಲಲೇ ಇಲ್ಲ. ನಮ್ಮಲ್ಲಿ ರಂಪಣಿ ಬಲೆ ಎಳೆಯೋಕೆ ದಡದ ತುಂಬ ಜನ ಬೇಕು, ಅಲ್ವಾ? ಅಲ್ಲಿ ನಾಲ್ಕೈದು ಜನ ಸಾಕು. ಉದ್ದುದ್ದ ಮರದ ಕಂಬಗಳ ಮುಂದೆ ಬಲೆ, ಹಿಂದೆ ಹಗ್ಗಕ್ಕೆ ಒಂದರ ಕೆಳಗೊಂದು ಕಟ್ಟಿದ ಕಲ್ಲುಗಳು. ಬಲೆ ನೀರಿಗೆ ಇಳಿದಾಗ ಕಲ್ಲು ಮೇಲೇಳುತ್ತವೆ, ಹಗ್ಗ ಎಳೆದರೆ ಕಲ್ಲು ಒಂದೊಂದಾಗಿ ಕೆಳಗೆ ಬಂದು ಬಲೆ ಎದ್ದು ಬರುತ್ತೆ. ಬಲೆಯವರು ಬನ್ನಿ ಅಂತ ಕೈಸನ್ನೆ ಮಾಡಿದರು, ಅಪ್ಪ ಚಪ್ಪಲಿ ಬಿಟ್ಟು ಹೋಗಿ ಹಗ್ಗ ಹಿಡಿದೇಬಿಟ್ಟರು. ಬಂದದ್ದು ಒಂದು ಹಿಡಿ ಸಣ್ಣ ಮೀನು. ಅಪ್ಪನ ಮುಖ ನೀನು ನೋಡಬೇಕಿತ್ತು! ಬಲೆಯವರಿಗೆ ಸ್ವಲ್ಪ ದುಡ್ಡು ಕೊಟ್ಟೆವು. ಇಂಥ ಕಡೆ ಕೈ ಬಿಗಿ ಮಾಡಬಾರದು.

ಸೇಂಟ್ ಫ್ರಾನ್ಸಿಸ್ ಚರ್ಚ್ ಅಲ್ಲಿಂದ ನಡೆಯೋ ದೂರ. ವಾಸ್ಕೋ ಡ ಗಾಮನನ್ನ 1524ರಲ್ಲಿ ಹೂಳಿದ್ದು ಅಲ್ಲೇ, 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದರು. 1498ರಲ್ಲಿ ವಾಪಸ್ ಹೋಗುವಾಗ ಅವನು ಹಡಗು ರಿಪೇರಿಗೆ ನಿಂತದ್ದು ನಮ್ಮ ಬಿಣಗಾ ಎದುರಿನ ಅಂಜದೀವ್ ದ್ವೀಪದಲ್ಲಿ. ಚರ್ಚಿನಲ್ಲಿ ಅವನ ಸಮಾಧಿ ಕಲ್ಲಿನ ಮುಂದೆ ನಿಂತಾಗ ಮೈ ಜುಂ ಅಂತು.

ಹಡಗಿನಲ್ಲಿ ಊಟ ಪುಕ್ಕಟೆ ಅಂತ ಮಧ್ಯಾಹ್ನ ವಾಪಸ್ ಹೋದವರೇ ಜಾಸ್ತಿ. ನಾವು ಬಸ್ ಹತ್ತಿ ಮಟ್ಟಾಂಚೇರಿಗೆ ಹೋಗಿ ಸಣ್ಣ ಹೋಟೆಲಿನಲ್ಲಿ ಕುಚಲಕ್ಕಿ ಅನ್ನ, ಮೀನು ಸಾರು ಉಂಡೆವು. ನಮ್ಮ ಮುರುಗಲಿನ (ಕೋಕಂ) ಹುಳಿಯಲ್ಲ, ಶಿರಸಿ ಕಡೆಯ ಉಪ್ಪಾಗೆಯನ್ನೇ ಅವರು ಹಾಕೋದು.

ಆಮೇಲೆ ಅಲ್ಲೇ ಇರುವ ತಿರುಮಲ ದೇವಸ್ಥಾನದ ಕಡೆ ಹೋದೆವು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟು ಹೋದ ಕೊಂಕಣಿಗರ ಬೀದಿಗಳು ಅಲ್ಲಿವೆ. ಹಪ್ಪಳ ಮಾರುವ ಅಜ್ಜಿಯೊಬ್ಬರ ಹತ್ತಿರ ಸಂತೆಯಲ್ಲಿ ಕಲಿತ ನನ್ನ ಹರಕು ಕೊಂಕಣಿಯಲ್ಲೇ ರೇಟು ಕೇಳಿದೆ. ಅಜ್ಜಿ ಹಪ್ಪಳ ಕೆಳಗಿಟ್ಟು ಯಾವೂರು, ಎಷ್ಟು ಮಕ್ಕಳು, ಎಲ್ಲ ವಿಚಾರಿಸಿದರು. ಕೂರೋಕೆ ಸ್ಟೂಲ್ ಕೊಟ್ಟರು. ಬಸ್ಸಿನ ಟೂರಿನಲ್ಲಿ ಹೋಗಿದ್ದರೆ ಈ ಬೀದಿಗೆ ಯಾರು ಕರೆದುಕೊಂಡು ಹೋಗ್ತಿದ್ದರು ಹೇಳು?

ಡಿಸೆಂಬರಿನಲ್ಲಿ ನೀವೂ ಹೋಗ್ತೀರಲ್ಲ, ಹೀಗೇ ಹೋಗಿ. ಆದರೆ ಟೈಮಿನ ವಿಷಯದಲ್ಲಿ ಹುಷಾರು. ಅವರದೇ ಟೂರ್ ಬಸ್ ತಡವಾದರೆ ಹಡಗು ಕಾಯುತ್ತೆ, ತಮ್ಮ ಪಾಡಿಗೆ ಹೋದವರಿಗೆ ಕಾಯಲ್ಲ. ಕೊನೆಯ ಟೈಮ್ ಎಷ್ಟೇ ಹೇಳಿರಲಿ, ಎರಡು ತಾಸು ಮೊದಲೇ ಜೆಟ್ಟಿಗೆ ಬನ್ನಿ. ಹಡಗಿನ ಕಾರ್ಡು, ಆಧಾರ್ ಎರಡೂ ಕೈಯಲ್ಲಿರಲಿ. ಶುಕ್ರವಾರ ಮಟ್ಟಾಂಚೇರಿ ಅರಮನೆ ಮುಚ್ಚಿರುತ್ತೆ, ಶನಿವಾರ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್. ಮತ್ತೆ ಆ ಅಜ್ಜಿಗೆ ಮುರುಗಲು ಸಿಪ್ಪೆ ಕಳಿಸ್ತೀನಿ ಅಂದಿದ್ದೇನೆ, ಬ್ಯಾಗಿನಲ್ಲಿ ಜಾಗ ಇಟ್ಟುಕೋ.

ನಿನ್ನ
ಅಮ್ಮ